ಬೆಲಾರ್ಮಿನೊ ತಲೆಯೊಳಗಿನ ಪಾಲುದಾರರು

ಬೆಲಾರ್ಮಿನೊ ಒಂದು ಕಡೆ ನೆಟ್ಟಗೆ ಕೂತವನಲ್ಲ. ಊಟಕ್ಕೆ ಕೂತರೆ ಅರ್ಧದಲ್ಲಿ ಎದ್ದು ಕಿಟಕಿಯಿಂದ ಕಾಲುವೆ ನೋಡಿ ಬರಬೇಕು. ಚರ್ಚಿನಲ್ಲಿ ಕೂತರೆ ಕಾಲು ಕುಣಿಯುತ್ತಿರಬೇಕು. ಮದುವೆಯಾದ ಹೊಸತರಲ್ಲಿ ಹೆಂಡತಿ ಎರ್ಮಿಂದಾ ಅವನ ತೊಡೆಯ ಮೇಲೆ ಕೈ ಒತ್ತಿ ಆ ಕುಣಿತ ನಿಲ್ಲಿಸಲು ನೋಡಿದ್ದಳು. ಆಗದ ಮಾತು ಎಂದು ಗೊತ್ತಾದ ಮೇಲೆ ಬೆಂಚಿನ ಇನ್ನೊಂದು ಕೊನೆಗೆ ಹೋಗಿ ಕೂರುವುದನ್ನು ಕಲಿತಳು.

ಅವನು ಲೋಸ್ ಒಲ್ಮೊಸ್ ಊರಿನ ನೀರಗಂಟಿ. ನ್ಯೂ ಮೆಕ್ಸಿಕೊದ ಉತ್ತರದ ಬೆಟ್ಟಗಳಲ್ಲಿ ಕಾಲುವೆಗೊಬ್ಬ ನೀರಗಂಟಿ ಇರುತ್ತಾನೆ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ನೀರು ಎಂದು ಹೇಳುವವನು ಅವನೇ. ಕದ್ದು ತೂಬು ಎತ್ತಿದವನ ಮನೆ ಬಾಗಿಲಿಗೆ ಹೋಗಿ ಬೈಯುವವನೂ ಅವನೇ. ಇಂಥ ಕೆಲಸಕ್ಕೆ ನಿಲ್ಲದ ಕಾಲೇ ಸರಿ ಎಂದು ಕಾಲುವೆ ನೀರಿನ ಪಾಲುದಾರರು ನಗುತ್ತ, ಹದಿನಾರು ವರ್ಷದಿಂದ ಅವನನ್ನೇ ಆರಿಸುತ್ತ ಬಂದಿದ್ದರು.

ಅವನ ಅಪ್ಪನೂ ನೀರಗಂಟಿಯೇ ಆಗಿದ್ದ. ಒಂದು ವಸಂತದಲ್ಲಿ, ಹತ್ತು ಜನರ ಕಣ್ಣೆದುರು, ಕಾಲುವೆಯ ದಂಡೆಯ ಮೇಲೆ ಬಿದ್ದು ಬಾಯಲ್ಲಿ ನೊರೆ ತಂದುಕೊಂಡ. ಐದು ನಿಮಿಷಕ್ಕೆ ಎದ್ದು ಕೂತ, ಟೋಪಿ ಹುಡುಕಿ ಹಾಕಿಕೊಂಡ, ಕೆಲಸ ಮುಂದುವರಿಸಿದ. ಆದರೆ ಮುಂದಿನ ಸಭೆಯಲ್ಲಿ ಯಾರೋ ಒಬ್ಬರು ತಲೆ ತಗ್ಗಿಸಿಕೊಂಡು, "ನೀರು ಹಂಚೋನ ತಲೆ ಸರಿಯಾಗಿರ್ಬೇಕಲ್ಲಪ್ಪ" ಎಂದರು. ಕೈಗಳು ಬೇರೆಯವನಿಗೆ ಎದ್ದವು. ಆ ಮೇಲೆ ಹನ್ನೊಂದು ವರ್ಷ ಅವನು ಕಾಲುವೆ ಕಾಣದ ಕಡೆಯ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಎಷ್ಟು ಒಳ್ಳೆಯ ಜನ ಅಲ್ಲವೇ! ವಾರಕ್ಕೊಮ್ಮೆ ಯಾರಾದರೂ ಬಂದು ಸೂಪು ಕೊಟ್ಟು ಹೋಗುತ್ತಿದ್ದರು. ಬೆಲಾರ್ಮಿನೊ ಅದನ್ನು ಮರೆಯಲಿಲ್ಲ.

ಅಪ್ಪ ಅರವತ್ತೊಂದಕ್ಕೆ ತಲೆಯೊಳಗೆ ರಕ್ತನಾಳ ಒಡೆದು ಸತ್ತಾಗ ಅಲ್ಬುಕರ್ಕಿಯ ಆಸ್ಪತ್ರೆಯ ಡಾಕ್ಟರಮ್ಮ ಮಕ್ಕಳನ್ನೆಲ್ಲ ಕರೆಸಿ, ಒಬ್ಬೊಬ್ಬರನ್ನೇ ಗಡಗಡ ಸದ್ದು ಮಾಡುವ ಯಂತ್ರದೊಳಗೆ ಮಲಗಿಸಿದಳು. ತಂಗಿಯ ತಲೆಯಲ್ಲಿ ಏನೂ ಇರಲಿಲ್ಲ. ಬೆಲಾರ್ಮಿನೊನ ತಲೆಯಲ್ಲಿ ಹತ್ತೊಂಬತ್ತು ಕಪ್ಪು ಚುಕ್ಕೆಗಳಿದ್ದವು. ಡಾಕ್ಟರಮ್ಮ ಬಿಡಿಸಿ ಹೇಳಿದಳು. ಸಣ್ಣ ರಕ್ತನಾಳಗಳು ಒಂದಕ್ಕೊಂದು ಸಿಕ್ಕಿಕೊಂಡು, ಉಬ್ಬಿ, ಹಿಪ್ಪುನೇರಳೆ ಹಣ್ಣಿನ ಹಾಗೆ ಗೊಂಚಲಾಗಿವೆ. ಗೋಡೆ ತೆಳು, ಆದ್ದರಿಂದ ಜಿನುಗುತ್ತವೆ. ಈ ಬೆಟ್ಟಗಳ ಎಷ್ಟೋ ಮನೆಗಳಿಗೆ ಇದು ನೂರಾರು ವರ್ಷದ ಹಿಂದಿನ ಒಂದೇ ಮೂಲದಿಂದ ಇಳಿದು ಬಂದಿದೆ; ಇದ್ದವರ ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ ಬರುತ್ತದೆ.

"ಇವು ಇದ್ದ ಹಾಗೇ ಇರೋದಿಲ್ಲ. ಕೆಲವು ದಪ್ಪ ಆಗ್ತವೆ, ಕೆಲವು ಸಣ್ಣ ಆಗ್ತವೆ, ಹೊಸವು ಹುಟ್ತವೆ. ಇಪ್ಪತ್ತು ವರ್ಷ ಸುಮ್ನಿದ್ದದ್ದು ಒಂದಿನ ರಕ್ತ ಬಿಡಬಹುದು. ಬಿಡದೇನೂ ಇರಬಹುದು. ವರ್ಷಕ್ಕೊಂದು ಸಲ ಬಂದು ತೋರಿಸ್ಕೊಳ್ಳಿ."

ಹೊರಡುವಾಗ ಒಂದು ಕಾಗದವನ್ನೂ ಕೊಟ್ಟಳು. ಅಪ್ಪನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು, ಎಲ್ಲರಿಗೂ ಇದನ್ನು ತಲುಪಿಸಿ, ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ ಎಂದಳು. ಬೆಲಾರ್ಮಿನೊ ತಲೆಯಾಡಿಸಿದ. ಆ ವರ್ಷವೇ ಅವನ ಹೆಸರು ನೀರಗಂಟಿತನಕ್ಕೆ ಬಂದಿತ್ತು. ಕಾಗದ ಮೇಜಿನ ಖಾನೆ ಸೇರಿತು.

ಕಾಲುವೆಗೆ ಆಗ ಹತ್ತೊಂಬತ್ತೇ ಪಾಲುದಾರರು. ಬೆಲಾರ್ಮಿನೊ ಒಂದೊಂದು ಚುಕ್ಕೆಗೂ ಒಬ್ಬೊಬ್ಬರ ಹೆಸರಿಟ್ಟ. ಕಿವಿಯ ಮೇಲಿನದು ಯಾವಾಗಲೂ ತಗಾದೆ ತೆಗೆಯುವ ಉಬಾಲ್ದೊ. ಕತ್ತಿನ ಬುಡದಲ್ಲಿ, ಮಿದುಳಿನ ಕಾಂಡದಲ್ಲಿದ್ದ ಕಾಳಿನಷ್ಟು ಚುಕ್ಕೆ ವಿಧವೆ ಕ್ಲಿಯೊಫಾಸ್. ಆ ಹೆಂಗಸು ಒಂದು ಸಭೆಯಲ್ಲೂ ಬಾಯಿ ತೆರೆದವಳಲ್ಲ. ವರ್ಷ ಹೋದಂತೆ ಚುಕ್ಕೆಗಳು ಇಪ್ಪತ್ತಾರಾದವು. ಬದುಕಿರುವ ಪಾಲುದಾರರು ಮುಗಿದರು, ಹೆಸರಿಗೆ ಸ್ಮಶಾನಕ್ಕೆ ಹೋಗಬೇಕಾಯಿತು.

"ನಂಗೂ ಒಂದು ಇಟ್ಟಿದ್ದೀಯಾ?" ಎಂದು ಎರ್ಮಿಂದಾ ಕೇಳಿದಳು.

"ನೀನು ತಲೆ ಹೊರಗಿಂದ್ಲೇ ಸಾಕಷ್ಟು ತಿಂತೀಯ ಮಾರಾಯ್ತಿ."

ತಮಾಷೆ ಸರಿ, ಆದರೆ ಅದರೊಳಗೆ ಒಂದು ತಪ್ಪು ಲೆಕ್ಕವಿತ್ತು, ನೀರಗಂಟಿ ಮಾತ್ರ ಹಾಕಬಹುದಾದ ಲೆಕ್ಕ. ಕಾಲುವೆಯ ದಂಡೆಯಲ್ಲಿ ಇಲಿ ಬಿಲ ಕೊರೆದರೆ ನೀರು ಸೋರುತ್ತದೆ. ನಾಲ್ಕಾರು ವರ್ಷ ಕಳೆದರೆ ಹೂಳು ತುಂಬಿ ಆ ಬಿಲ ತಾನೇ ಮುಚ್ಚಿಕೊಳ್ಳುತ್ತದೆ. ಕಾಯಬೇಕಾದದ್ದು ಹೊಸ ಬಿಲವನ್ನು. ತಲೆಯನ್ನೂ ಅವನು ಹಾಗೇ ಕಾದ. ಪ್ರತಿ ವರ್ಷ ಹೊಸ ಚುಕ್ಕೆಗಳನ್ನು ಮಾತ್ರ ಕೇಳುತ್ತಿದ್ದ. ಡಾಕ್ಟರಮ್ಮ ಕಾಂಡದ ಚುಕ್ಕೆಯ ಮೇಲೆ ಬೆರಳಿಟ್ಟರೆ, "ಅದಾ? ಅದು ಕ್ಲಿಯೊಫಾಸು, ಪಾಪ, ಮುಚ್ಚಿಹೋಗಿದೆ" ಎಂದು ಎದ್ದುಬಿಡುತ್ತಿದ್ದ.

ಹೋದ ನವೆಂಬರಿನಲ್ಲಿ ಕ್ಲಿಯೊಫಾಸ್ ಒಡೆದಳು. ಸೌದೆ ಸೀಳಲು ಕೊಡಲಿ ಎತ್ತಿದವನಿಗೆ ಎರಡು ಕೊಡಲಿ ಕಂಡವು. ಬಲಗೆನ್ನೆ ಮರಗಟ್ಟಿತು, ನೆಲ ಓರೆಯಾಯಿತು. ಹನ್ನೆರಡು ದಿನ ಆಸ್ಪತ್ರೆ. ಅಷ್ಟು ಆಳಕ್ಕೆ ಕತ್ತಿ ಹಾಕಿದರೆ ನುಂಗುವ ಶಕ್ತಿಯೇ ಹೋಗಬಹುದು, ಸದ್ಯಕ್ಕೆ ಕಾಯೋಣ ಎಂದಳು ಡಾಕ್ಟರಮ್ಮ. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಭಯ ಮೊದಲ ಎರಡು ವರ್ಷ ಹೆಚ್ಚು, ಆಮೇಲೆ ಕಡಿಮೆ. ಕಣ್ಣು ಸರಿಹೋಗುವವರೆಗೆ ಒಂದು ಕಣ್ಣಿಗೆ ಪಟ್ಟಿ, ಗಾಡಿ ಓಡಿಸುವ ಹಾಗಿಲ್ಲ. ನಿಂತಲ್ಲಿ ನಿಲ್ಲದವನಿಗೆ ಎರಡು ವರ್ಷ ಕಾಯಿ ಎಂದರೆ ಹೇಗಾಗಬೇಡ! ಬೆಳಗ್ಗೆ ಎದ್ದರೆ ಮೊದಲು ಕೆನ್ನೆ ಚಿವುಟಿಕೊಳ್ಳುತ್ತಿದ್ದ. ಆಮೇಲೆ ಗೋಡೆಯ ಶಿಲುಬೆಗಳನ್ನು ಎಣಿಸುತ್ತಿದ್ದ. ಇದ್ದದ್ದು ಒಂದು, ಕಾಣುತ್ತಿದ್ದದ್ದು ಎರಡು.

ಊರಿಗೆ, "ಕಣ್ಣಿಗೆ ಕೀವು ಆಗಿದೆ" ಎಂದು ಹೇಳಿದ. ಊರು ಕಣ್ಣನ್ನು ನೋಡಲಿಲ್ಲ, ಗಾಡಿಯನ್ನು ನೋಡಿತು. ಪಿಕಪ್ಪಿನ ಸ್ಟಿಯರಿಂಗ್ ಎರ್ಮಿಂದಾಳ ಕೈಯಲ್ಲಿತ್ತು. ಕುಡಿದು ಸಿಕ್ಕಿಬಿದ್ದು ಲೈಸೆನ್ಸು ಕಳಕೊಂಡಿರಬೇಕು ಎಂದು ಊರು ತೀರ್ಮಾನಿಸಿತು.

ಮಾರ್ಚಿನ ಎರಡನೇ ಶನಿವಾರ ಕಾಲುವೆಯ ಹೂಳು ತೋಡುವ ದಿನ ಬಂತು. ಅಂದು ಪ್ರತಿ ಪಾಲಿಗೆ ಒಂದು ಆಳು ಸಲಿಕೆ ಹಿಡಿದು ಬರಬೇಕು. ನೀರಗಂಟಿ ಮುಂದೆ ಮುಂದೆ ನಡೆದು ಕೋಲಿನಿಂದ ಅಳೆದು, ದಂಡೆಯ ಮೇಲೆ ಗೀರು ಎಳೆದು, ಒಬ್ಬೊಬ್ಬರಿಗೆ ಇಷ್ಟಿಷ್ಟು ಎಂದು ಪಾಲು ಹಾಕುತ್ತಾನೆ. ಎಲ್ಲರದೂ ಮುಗಿದಾಗ ಅವನು "ಮುಂದೆ!" ಎಂದು ಕೂಗಿದರೆ ಸಾಲು ಪೂರಾ ಮುಂದಕ್ಕೆ ಸರಿಯುತ್ತದೆ. ಕಳ್ಳನನ್ನು ಊರು ಸಹಿಸೀತು, ಓರೆ ಅಳತೆಯ ನೀರಗಂಟಿಯನ್ನು ಸಹಿಸುವುದಿಲ್ಲ.

ಬೆಲಾರ್ಮಿನೊ ಪಟ್ಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬಂದಿದ್ದ. ಎರ್ಮಿಂದಾ ಗಾಡಿಯಲ್ಲೇ ಬೈದಿದ್ದಳು.

"ಕುರುಡ ನೀರಗಂಟಿ ಅಂತಾರೆ ಅಂತ ಪಟ್ಟಿ ಕಿತ್ತೆಯಾ? ಹಳ್ಳಕ್ಕೆ ಬಿದ್ರೆ ಏನಂತಾರೆ?"

"ಬೀಳೋದಿಲ್ಲ ಬಿಡೇ. ಒಂದು ಕಣ್ಣು ಮುಚ್ಕೊಂಡ್ರೆ ಆಯ್ತು."

ಮೊದಲ ನಾಲ್ಕು ಪಾಲು ಕಣ್ಣು ಮುಚ್ಚಿಕೊಂಡೇ ಹಾಕಿದ. ಐದನೆಯದಕ್ಕೆ ಕೆನ್ನೆ ನೋಯತೊಡಗಿತು, ಜನ ನೋಡುತ್ತಿದ್ದರು, ಕಣ್ಣು ತೆರೆದ. ಕಾಲುವೆ ಎರಡಾಯಿತು, ಕೋಲು ಎರಡಾಯಿತು, ಯಾವ ಗೀರು ತಾನು ಎಳೆದದ್ದು, ಯಾವುದು ಕಣ್ಣು ಎಳೆದದ್ದು ಗೊತ್ತಾಗಲಿಲ್ಲ. ಅವಸರದಲ್ಲಿ ಎಳೆಯುತ್ತ ಹೋದ.

"ಪ್ರಿಮೊ, ನಿನ್ನ ಕೋಲು ಬಸುರಿಯೇನೋ! ಇಲ್ಲಿ ಸಣ್ಣಗಿತ್ತು, ಅಲ್ಲಿ ಹೋಗೋಷ್ಟ್ರಲ್ಲಿ ಉಬ್ಬಿದೆ" ಎಂದು ಉಬಾಲ್ದೊ ಕೂಗಿದ. ಆ ಊರಲ್ಲಿ ಎಲ್ಲರೂ ಎಲ್ಲರಿಗೂ ಪ್ರಿಮೊ, ಅಂದರೆ ದಾಯಾದಿ. ಸುಮ್ಮನೆ ಕರೆದರೂ ಹತ್ತರಲ್ಲಿ ಏಳು ಸಲ ನಿಜವೇ ಆಗಿರುತ್ತದೆ. ಸಾಲೆಲ್ಲ ನಕ್ಕಿತು.

ನಗದವನು ಒಬ್ಬ, ತ್ರಾಂಕಿಲಿನೊ. ಎಪ್ಪತ್ತೆಂಟರ ಮುದುಕ, ಬೆಲಾರ್ಮಿನೊನ ಸೋದರತ್ತೆ ಯೂಲೊಹಿಯಾಳ ಗಂಡ. ಅತ್ತೆ ಎಂದೋ ಮೂವತ್ತೆಂಟಕ್ಕೇ ತಲೆನೋವೆಂದು ಮಲಗಿದವಳು ಏಳಲಿಲ್ಲ. ಮುದುಕನ ಕೈಲಿ ಸಲಿಕೆ ಹಿಡಿಯಲಾಗದು, ಅದಕ್ಕೆ ಅವನ ಪಾಲಿಗೆ ಮೊಮ್ಮಗಳು ಬರ್ನಡೆಟ್ ಬಂದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಇಪ್ಪತ್ತನಾಲ್ಕರ ಹುಡುಗಿ, ಮಾತಿಗೆ ಮಾತು ಕೊಡುವವಳು. ಮುದುಕ ದಂಡೆಯ ಮೇಲೆ ಬಕೆಟ್ ಬೋರಲು ಹಾಕಿ ಕೂತು ಎಲ್ಲರ ಕೆಲಸ ಅಳೆಯುತ್ತಿದ್ದ.

"ನಗು ಸಾಕು. ಉಬಾಲ್ದೊನ ಪಾಲು ಮಂಚದಷ್ಟಿದೆ. ನನ್ನ ಮೊಮ್ಮಗಳದ್ದು ನೋಡಿ, ರಸ್ತೆಯಷ್ಟಿದೆ. ಇದ್ಯಾವ ಅಳತೆಯೋ ಬೆಲಾರ್ಮಿನೊ?"

"ಮತ್ತೆ ಅಳೀತೀನಿ ತಿಯೊ" ಎಂದು ಮಾವನತ್ತ ತಿರುಗಿದ ಬೆಲಾರ್ಮಿನೊ ಹೆಜ್ಜೆ ಇಟ್ಟ. ಇಟ್ಟದ್ದು ಇಲ್ಲದ ದಂಡೆಯ ಮೇಲೆ. ಮೊಣಕಾಲೂರಿ ಹಳ್ಳದ ಕೆಸರಿಗೆ ಜಾರಿದ. ಎದ್ದು ನಿಂತು ಒಂದು ಪಕ್ಕಕ್ಕೆ ವಾಲಿದ.

ತ್ರಾಂಕಿಲಿನೊ ಬಕೆಟ್ಟಿನಿಂದ ಎದ್ದ.

"ಕುಡಿದು ಬಂದಿದ್ದೀಯ. ಬೆಳಗ್ಗೆ ಎಂಟಕ್ಕೆ! ಆ ನಡಿಗೆ ನಂಗೆ ಹೇಳ್ಕೊಡ್ಬೇಡ ಕಣೋ. ನನ್ನ ಮಗ ಕೊನೇ ತಿಂಗಳು ಪೂರ್ತಿ ಹೀಗೇ ನಡೀತಿದ್ದ."

ಬೆಲಾರ್ಮಿನೊ ತಲೆ ಎತ್ತಿ ನೋಡಿದ. ಎದುರಿಗೆ ಹದಿನೆಂಟು ಸಲಿಕೆಗಳು ನಿಂತಿದ್ದವು, ಅಥವಾ ಮೂವತ್ತಾರು. ರೋಗಿ ಎಂದರೆ ಅಪ್ಪನ ಕುರ್ಚಿ ತನಗೆ. ಕುಡುಕ ಎಂದರೆ ಒಂದು ವಾರ ಗೇಲಿ, ಆಮೇಲೆ ಎಲ್ಲ ಮರೆತುಹೋಗುತ್ತದೆ. ಈ ಊರು ಕುಡಿತವನ್ನು ಎಷ್ಟು ಸಲ ಕ್ಷಮಿಸಿಲ್ಲ!

"ಹೌದು ತಿಯೊ, ತಪ್ಪಾಯ್ತು" ಎಂದ. "ರಾತ್ರಿದು ಇನ್ನೂ ಇಳಿದಿಲ್ಲ."

ಹೋ ಎಂದು ನಗು ಎದ್ದಿತು. ಉಬಾಲ್ದೊ ಕೋಲು ಕಸಿದುಕೊಂಡು, "ಕೂತ್ಕೊ ಪ್ರಿಮೊ, ಇವತ್ತು ನಾನೇ ರಾಜ" ಎಂದು ಪಾಲು ಹಾಕತೊಡಗಿದ. ಅಷ್ಟು ಸುಲಭದಲ್ಲಿ ಮುಗಿಯಿತು. ಮುದುಕ ಮಾತ್ರ, "ನೋಡು, ಒಪ್ಕೊಂಡ. ನನ್ನ ಮಗ ಸಾಯೋ ತನಕ ಒಪ್ಕೊಳ್ಲಿಲ್ಲ" ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು.

ಮಗ ಎಂದರೆ ಫಿಲದೆಲ್ಫಿಯೊ, ಬರ್ನಡೆಟ್‌ಳ ಅಪ್ಪ. ಹತ್ತೊಂಬತ್ತು ವರ್ಷದ ಹಿಂದೆ ಫೆಬ್ರವರಿಯಲ್ಲಿ, ಮುದುಕ ಮನೆಯಿಂದ ಹೊರಗೆ ಹಾಕಿದ ಮರುದಿನ, ಹೊಳೆ ರಸ್ತೆಯ ಪಕ್ಕ ಹಿಮದಲ್ಲಿ ಸತ್ತು ಬಿದ್ದಿದ್ದ. ಅವನು ಕುಡಿಯುತ್ತಿದ್ದದ್ದು ಸುಳ್ಳಲ್ಲ. ನಾಲ್ಕು ತಿಂಗಳಿಂದ ಬಿಟ್ಟಿದ್ದೇನೆ ಎಂದು ಕಂಡಕಂಡವರಿಗೆ ಆಣೆ ಹಾಕುತ್ತಿದ್ದ. ತೊದಲುತ್ತ ಆಣೆ ಹಾಕಿದರೆ ಯಾರು ನಂಬುತ್ತಾರೆ? ಪೆಟ್ಟಿಗೆ ಹೊತ್ತವರಲ್ಲಿ ಬೆಲಾರ್ಮಿನೊನೂ ಒಬ್ಬ. ಎರಡು ವರ್ಷ ಕಳೆದು ಡಾಕ್ಟರಮ್ಮ ಅತ್ತೆಯಂದಿರ ಮಕ್ಕಳಿಗೂ ತಿಳಿಸಿ ಎಂದಾಗ ಫಿಲದೆಲ್ಫಿಯೊ ಒಮ್ಮೆ ಅವನ ಮನಸ್ಸಿಗೆ ಬಂದಿದ್ದ. ಸತ್ತವನಿಗೆ ಕಾಗದ ಯಾಕೆ ಎಂದು ಆ ಯೋಚನೆಯನ್ನು ತಳ್ಳಿಹಾಕಿದ್ದ. ಅವನ ಮಗಳಿಗೆ ಆಗ ಏಳು ವರ್ಷ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ದಂಡೆಯ ಮೇಲೆ ಹರಡಿ ಕೂತರು. ಬರ್ನಡೆಟ್ ದೂರದಲ್ಲಿ ಒಬ್ಬಳೇ ಮರಕ್ಕೆ ಒರಗಿದ್ದಳು, ರೊಟ್ಟಿಯಲ್ಲಿ ಸುತ್ತಿದ ಬೀನ್ಸ್ ಕಾಳು ಮೆಣಸಿನಕಾಯಿ ಕೈಯಲ್ಲಿ, ಒಂದು ಹಿಡಿ ಹಿಮ ಹಣೆಗೆ. ಬೆಲಾರ್ಮಿನೊ ಅತ್ತಿತ್ತ ತಿರುಗಾಡುತ್ತಿದ್ದವನು ಅವಳನ್ನು ನೋಡಿ ನಿಂತ. ಅವಳು ಒಂದು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು.

"ಕಣ್ಣಿಗೇನಾಯ್ತೇ?"

"ಬಿಸಿಲು."

ಬಿಸಿಲು ಅವಳ ಬೆನ್ನ ಹಿಂದಿತ್ತು.

"ಎರಡೆರಡು ಕಾಣುತ್ತಾ?"

ಅವಳು ಅಗಿಯುವುದನ್ನು ನಿಲ್ಲಿಸಿದಳು. "ನಿಂಗ್ಹೇಗೆ ಗೊತ್ತು?"

"ಯಾವಾಗಿಂದ?"

"ಮೂರು ವಾರ ಆಯ್ತು. ಗ್ರಾಂಪೊಗೆ ಹೇಳ್ಬಿಟ್ಟೀಯ ಮತ್ತೆ! ಅಪ್ಪನ ಥರ ಶುರು ಹಚ್ಕೊಂಡ್ಲು ಅಂತಾನೆ ಅಜ್ಜ. ಆಗ್ಲೇ ನನ್ನ ಲೋಟ ಮೂಸಿ ನೋಡ್ತಾನೆ."

"ಡಾಕ್ಟರ ಹತ್ರ ಹೋಗಿದ್ಯಾ?"

"ಕ್ಲಿನಿಕ್ಕಿಗೆ ಹೋಗಿದ್ದೆ. ಅರೆತಲೆನೋವು ಅಂತ ಮಾತ್ರೆ ಕೊಟ್ರು. ಮನೆತನದಲ್ಲಿ ಯಾರಿಗಾದ್ರೂ ತಲೆ ಕಾಯಿಲೆ ಇತ್ತಾ ಅಂತ ಕೇಳಿದ್ರು. ಇಲ್ಲಪ್ಪ, ನಮ್ಮಲ್ಲಿ ಬರೀ ಕುಡುಕರು ಅಂದೆ." ಹೇಳಿ ನಕ್ಕಳು. ನಗುವಾಗ ಬಾಯಿಯ ಒಂದು ಮೂಲೆ ಮಾತ್ರ ಮೇಲೆ ಹೋಯಿತು.

ಬಾಯಿ ತೆರೆಯಬೇಕು ಎಂದುಕೊಂಡ. ಅಷ್ಟರಲ್ಲಿ ಮುದುಕ, "ಏ ಹುಡುಗೀ, ಆ ಕುಡುಕನ ಹತ್ರ ಏನು ಮಾತು?" ಎಂದು ಕೂಗಿದ. ಅವಳು ಎದ್ದು, ಎರಡು ಹೆಜ್ಜೆ ಓರೆ ಇಟ್ಟು, ಸಲಿಕೆ ಊರಿಕೊಂಡು ನೇರವಾಗಿ ಹೋದಳು. ಬೆಲಾರ್ಮಿನೊ ಬಾಯಿ ಮುಚ್ಚಿದ. ಇದಕ್ಕಿಂತ ಹೇಡಿತನ ಇನ್ನೊಂದಿಲ್ಲ. ಅವನಿಗೂ ಅದು ಗೊತ್ತಿತ್ತು.

ಅಂದು ಸಂಜೆ ಮನೆಯೊಳಗಿಂದ ಅಂಗಳಕ್ಕೆ, ಅಂಗಳದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಒಳಕ್ಕೆ ಸುತ್ತಿದ. ಬಾಯಿ ಬಿಟ್ಟರೆ ನೀರಗಂಟಿತನ ಹೋಯಿತು. ಅದು ಹೋಗಲಿ. ಮುದುಕ ಹತ್ತೊಂಬತ್ತು ವರ್ಷದಿಂದ ಮಗನನ್ನು ಬೈದುಕೊಂಡು ಬದುಕಿದ್ದಾನೆ, ಆ ಬೈಗುಳವನ್ನೂ ಕಿತ್ತುಕೊಂಡರೆ ಅವನ ಬಳಿ ಏನು ಉಳಿಯುತ್ತದೆ? ಹೇಳದಿದ್ದರೆ ಹುಡುಗಿ.

"ಹುಡುಗಿಗೆ ಮಾತ್ರ ಗುಟ್ಟಲ್ಲಿ ಹೇಳಿದ್ರೆ?" ಎಂದು ಎರ್ಮಿಂದಾಳನ್ನು ಕೇಳಿದ.

"ಎಲ್ಲಿಂದ ಬಂತು ಇದು ಅಂತ ಅವಳು ಕೇಳಲ್ವಾ? ಅಪ್ಪನ ಬಗ್ಗೆ ಏನಂತ ಸುಳ್ಳು ಹೇಳ್ತೀಯ? ಸಾಕು ನಿನ್ನ ತಿರುಗಾಟ. ನಾಳೆ ಪೂಜೆ ಮುಗಿದ ತಕ್ಷಣ ನೀನು ಹೋಗದಿದ್ರೆ ನಾನು ಹೋಗ್ತೀನಿ."

ಭಾನುವಾರ ಅವನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಊರ ನಡುವೆ ನಡೆದೇ ಹೋದ. ತ್ರಾಂಕಿಲಿನೊ ಅಡುಗೆಮನೆಯ ಮೇಜಿನ ಮೇಲೆ ಬೀನ್ಸ್ ಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದ. ಬರ್ನಡೆಟ್ ಒಲೆಯ ಪಕ್ಕ ಕೂತಿದ್ದಳು.

"ಇಳೀತೇನೋ?" ಎಂದ ಮುದುಕ, ತಲೆ ಎತ್ತದೆ.

"ನಾನು ಕುಡಿದಿರಲಿಲ್ಲ ತಿಯೊ. ನಿನ್ನೆ ಸುಳ್ಳು ಹೇಳಿದೆ."

ನಿಂತುಕೊಂಡೇ ಎಲ್ಲ ಹೇಳಿದ. ಚುಕ್ಕೆಗಳು, ಅಪ್ಪ, ಅತ್ತೆ ಯೂಲೊಹಿಯಾ, ನವೆಂಬರಿನಲ್ಲಿ ಕಂಡ ಎರಡು ಕೊಡಲಿ, ವಾಲುವ ನಡಿಗೆ, ತೊದಲು. ತಲೆಯೊಳಗೆ ರಕ್ತ ಜಿನುಗಿದವನು ನೋಡುವವರಿಗೆ ಕುಡುಕನ ಹಾಗೇ ಕಾಣುತ್ತಾನೆ ಎಂದ. ಬರ್ನಡೆಟ್‌ಳ ಕಡೆ ತಿರುಗಿ, ನಿನ್ನ ತಲೆಯನ್ನು ತಡಮಾಡದೆ ತೋರಿಸಬೇಕು, ಮನೆತನದಲ್ಲಿ ಇದೆ ಎಂದು ಬಾಯಿಬಿಟ್ಟು ಹೇಳಬೇಕು ಎಂದ. ಅಪ್ಪನ ಬಗ್ಗೆ ಅವಳು ಏನೂ ಕೇಳಲಿಲ್ಲ, ಅಜ್ಜನನ್ನು ನೋಡುತ್ತಿದ್ದಳು.

ಮುದುಕ ಇನ್ನೂ ಕಲ್ಲು ಆರಿಸುತ್ತಿದ್ದ. ಕಲ್ಲನ್ನೂ ಕಾಳನ್ನೂ ಒಂದೇ ಬಟ್ಟಲಿಗೆ ಹಾಕುತ್ತಿದ್ದ.

"ಫಿಲದೆಲ್ಫಿಯೊಗೂ ಇದೇ ಇತ್ತು ಅಂತ ನಿಂಗೆ ಖಾತ್ರಿಯಾ?"

"ಖಾತ್ರಿ ಇಲ್ಲ ತಿಯೊ. ಅವನ ತಲೆ ಯಾರೂ ನೋಡ್ಲಿಲ್ಲ. ನೀವು ನಿನ್ನೆ ನಡಿಗೆ ಅಂದ್ರಲ್ಲ, ಆಗ ನಂಗೆ ಗೊತ್ತಾಯ್ತು."

"ಈ ಕಾಯಿಲೆ ವಿಷಯ ನಿಂಗೆ ಗೊತ್ತಾಗಿ ಎಷ್ಟು ವರ್ಷ?"

"ಹದಿನೇಳು. ನಿಮಗೆ ಕೊಡು ಅಂತ ಡಾಕ್ಟರು ಕಾಗದಾನೂ ಕೊಟ್ಟಿದ್ರು. ಕೊಡ್ಲಿಲ್ಲ. ಕಾಲುವೆ ಕೈ ತಪ್ಪುತ್ತೆ ಅಂತ." ಮೇಜಿನ ಹತ್ತಿರ ಬಂದು ನಿಂತ. "ಹೊಡೀಬೇಕು ಅನ್ಸಿದ್ರೆ ಹೊಡೀರಿ."

ಮುದುಕ ಹೊಡೆಯಲಿಲ್ಲ. ಎದ್ದು ಗೂಟದಿಂದ ಕೋಟು ತೆಗೆದ. ತೋಳು ಸಿಗದೆ ಎರಡು ಸಲ ತಡಕಾಡಿದ.

"ಎರ್ಮಿಂದಾನ ಕರಿ. ಗಾಡಿ ತರ್ಲಿ."

"ನಾಳೆ ಬೆಳಗ್ಗೆ ಹೋದ್ರೆ..."

"ಆಸ್ಪತ್ರೆಗೆ ಭಾನುವಾರ ಬೀಗ ಹಾಕ್ತಾರಾ?"

"ಇಲ್ಲ."

"ಮತ್ತೆ ನಾಳೆ ಅಂತ ಯಾಕಂತೀಯ?"

ಬಾಗಿಲ ತನಕ ಹೋದವನು ಚಿಲಕದ ಮೇಲೆ ಕೈ ಇಟ್ಟು ಹಾಗೇ ನಿಂತ. ತೆಗೆಯಲಿಲ್ಲ. ಬಾಗಿಲಿಗೆ ಹೇಳುವವನ ಹಾಗೆ ಮಾತಾಡಿದ.

"ಅವತ್ತು ಹೊರಗೆ ನಿಂತು ಕರೆದ. ಅಪ್ಪಾ, ಎರಡು ಬಾಗಿಲು ಕಾಣ್ತಿದೆ, ನಮ್ಮದು ಯಾವ್ದು ಅಂದ."

"ನೀನೇನಂದೆ ಗ್ರಾಂಪೊ?" ಎಂದಳು ಬರ್ನಡೆಟ್.

"ಎರಡೂ ನಿನ್ನದಲ್ಲ ಅಂದೆ."

ಮುದುಕನ ಬೆರಳುಗಳು ಚಿಲಕವನ್ನು ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಬರ್ನಡೆಟ್ ಎದ್ದು ಬಂದು, ಒಂದು ಕಣ್ಣು ಮುಚ್ಚಿಕೊಂಡು, ಅವನ ಕೈಯ ಮೇಲೆ ತನ್ನ ಕೈ ಇಟ್ಟು ಬಾಗಿಲು ತೆಗೆದಳು.